ರೇಸಿಗೆ ಮುಂಚೆ ಗಾಡಿ ತಪಾಸಣೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹವ್ಯಾಸಿ ಬೈಕ್ ರೇಸಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಹಿಡಿದುಕೊಂಡಿವೆ: ಟ್ರ್ಯಾಕಿಗೆ ಇಳಿಯುವ ಮುಂಚೆ ನಡೆಯುವ ತಪಾಸಣೆ, ಹುಡುಗರು ಸ್ಕ್ರೂಟಿನಿ ಅಂತ ಕರೆಯುತ್ತಾರಲ್ಲ, ಅದು. ಕೆಲವರಿಗೆ ಭಯ, ಕೆಲವರಿಗೆ ಸಿಟ್ಟು. ನಾನು ಗಾಡಿ ನೋಡಿ, ಪಾಸ್ ಆದರೆ ಸ್ಟಿಕ್ಕರ್ ಅಂಟಿಸುವ ಕಡೆ ನಿಲ್ಲುವವನು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರ: ಸರ್, ನನ್ನದು 150 ಸಿಸಿ ಪಲ್ಸರ್. ಆಫೀಸಿಗೂ ಅದೇ, ಭಾನುವಾರ ನಂದಿ ಬೆಟ್ಟಕ್ಕೂ ಅದೇ. ಮೊದಲ ಸಲ ನೋವಿಸ್ ಕ್ಲಾಸಿಗೆ (ಹೊಸಬರ ವಿಭಾಗ) ಹೆಸರು ಕೊಟ್ಟಿದ್ದೇನೆ. ಮಿರರ್ ತೆಗೆಯಿರಿ, ಹೆಡ್‌ಲೈಟಿಗೆ ಟೇಪ್ ಹಾಕಿ, ಸ್ಟ್ಯಾಂಡ್ ಬಿಚ್ಚಿ ಅಂತ ಉದ್ದ ಪಟ್ಟಿ ಕಳಿಸಿದ್ದಾರೆ. ಇಷ್ಟೆಲ್ಲ ಯಾಕೆ? ತಪಾಸಣೆಯಲ್ಲಿ ನಿಜವಾಗಿ ಏನು ನೋಡುತ್ತಾರೆ?
(ಹನುಮಂತನಗರದ ಓದುಗರು)

ಉ: ಪಟ್ಟಿ ನೋಡಿ ಗಾಬರಿ ಆಗಬೇಡಿ. ನಾವು ನೋಡುವುದು ಮುಖ್ಯವಾಗಿ ಎರಡು. ಓಡುವಾಗ ಗಾಡಿಯಿಂದ ಏನಾದರೂ ಕಳಚಿಯೋ ಸೋರಿಯೋ ಬೀಳುತ್ತದಾ? ನೀವು ಸಾಕು ಅಂದಾಗ ಗಾಡಿ ನಿಲ್ಲುತ್ತದಾ?

ಮಿರರ್, ಇಂಡಿಕೇಟರ್, ನಂಬರ್ ಪ್ಲೇಟ್, ಸಾರಿ ಗಾರ್ಡ್ ಎಲ್ಲ ತೆಗೆಸುವುದು ಮೊದಲನೇ ಕಾರಣಕ್ಕೆ. ನೀವು ಬಿದ್ದರೆ ಮಿರರಿನ ಗಾಜು ಎಲ್ಲರೂ ಬರುವ ದಾರಿಯ ಮೇಲೇ ಚೆಲ್ಲುತ್ತದೆ. ಹೆಡ್‌ಲೈಟ್ ಬಿಚ್ಚೋಕೆ ಆಗಲ್ಲ ಅಂದರೆ ಟೇಪ್ ಹಾಕಿಸುತ್ತಾರೆ, ಒಡೆದರೂ ಚೂರುಗಳು ಟೇಪಿಗೇ ಅಂಟಿಕೊಂಡಿರುತ್ತವೆ. ಲೆಗ್ ಗಾರ್ಡ್ ಇರುವ ಗಾಡಿ ಬಿದ್ದಾಗ ಸುಮ್ನೆ ಜಾರಿಕೊಂಡು ಹೋಗಲ್ಲ, ಗಾರ್ಡ್ ನೆಲಕ್ಕೆ ಕಚ್ಚಿ ಪಲ್ಟಿ ಹೊಡೆಯಬಹುದು. ಎಡ ತಿರುವಿನಲ್ಲಿ ಬಾಗಿದಾಗ ಸೈಡ್ ಸ್ಟ್ಯಾಂಡ್ ಕೆಳಗಿಳಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ತಂತಿಯಲ್ಲಿ ಕಟ್ಟಿದ್ದೀನಿ ಸರ್ ಅನ್ನುವವರು ತುಂಬಾ ಜನ. ಕಟ್ಟಬೇಡಿ, ಬಿಚ್ಚಿಬಿಡಿ. ಸ್ಟ್ಯಾಂಡ್ ಸೆನ್ಸರ್ ಇರುವ ಗಾಡಿ ಆದರೆ ಮನೆಯಲ್ಲೇ ಬಿಚ್ಚಿ ಗೇರ್ ಹಾಕಿ ನೋಡಿಕೊಳ್ಳಿ. ಕೆಲವು ಗಾಡಿ ಸ್ಟ್ಯಾಂಡ್ ಇಲ್ಲ ಅಂತ ಗೇರಿಗೆ ಬಿದ್ದ ತಕ್ಷಣ ಆಫ್ ಆಗುತ್ತವೆ, ಅದು ಗೊತ್ತಾಗುವುದು ಸ್ಟಾರ್ಟ್ ಲೈನಿನಲ್ಲಿ ಆಗಬಾರದು.

ಎರಡನೆಯದಕ್ಕೆ ಬ್ರೇಕ್, ಆಕ್ಸಿಲರೇಟರ್, ಕಿಲ್ ಸ್ವಿಚ್ (ಎಂಜಿನ್ ಆಫ್ ಮಾಡುವ ಸ್ವಿಚ್), ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್), ಚಕ್ರದ ಬೇರಿಂಗ್, ಚೈನ್ ನೋಡುತ್ತೇವೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನಡುವೆ ಒಂದು ಕಡೆ ಕಚ್ಚಿಕೊಂಡ ಹಾಗೆ ಆದರೆ ಕೋನ್ ಸೆಟ್ ಹೋಗಿದೆ ಅಂತ ಅರ್ಥ. ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಹೇಗಿದೆ ಅಂತ ಗೊತ್ತಾಗುತ್ತದೆ. ಬ್ರೇಕ್ ಲಿವರ್ ಗಟ್ಟಿಯಾಗಿ ಹಿಡಿದು ಸ್ವಲ್ಪ ಹೊತ್ತು ಬಿಡುವುದಿಲ್ಲ. ನಿಧಾನಕ್ಕೆ ಹ್ಯಾಂಡಲ್ ಕಡೆ ಇಳಿಯುತ್ತಾ ಬಂದರೆ ಗಾಡಿ ವಾಪಸ್. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ ನೋಡುತ್ತೇವೆ, ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಉಲ್ಟಾ ಹಾಕಿಕೊಂಡು ಬರುವವರು ಈಗಲೂ ಇದ್ದಾರೆ.

ಇನ್ನೊಂದು ಮಾತು. ಗಾಡಿ ತೊಳೆದು ತನ್ನಿ. ಎಂಜಿನ್ ಕೆಳಗೆ ಆಯಿಲು, ಧೂಳು ಮೆತ್ತಿಕೊಂಡಿದ್ದರೆ ಅದು ಹಳೇ ಕೊಳೆಯೋ ಇವತ್ತಿನ ಸೋರಿಕೆಯೋ ಅಂತ ಹೇಳೋಕೆ ಆಗಲ್ಲ. ಹೇಳೋಕೆ ಆಗದಿದ್ದರೆ ನಾನಂತೂ ಬಿಡುವುದಿಲ್ಲ.

ಪ್ರ: ನಾನು ಪೀಣ್ಯದಲ್ಲಿ ಮಷೀನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆದು ತಿರುಗಿಸುವ ಪಾನಾ) ಸರಿಯಾಗಿ ಟೈಟ್ ಮಾಡಿ ಲಾಕ್‌ಟೈಟ್ (ಥ್ರೆಡ್ಡಿಗೆ ಹಾಕುವ ಅಂಟು) ಹಾಕಿದ ಬೋಲ್ಟ್ ತಾನಾಗೇ ಬಿಚ್ಚಿಕೊಳ್ಳುವುದಿಲ್ಲ. ಆದರೂ ಎಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ತೂತು ಕೊರೆದು ತಂತಿ ಕಟ್ಟಿ ಅಂತಾರೆ. ಒಳ್ಳೇ ಬೋಲ್ಟ್ ಹಾಳು ಮಾಡಿದ ಹಾಗಲ್ವಾ?
(ಪೀಣ್ಯದ ಓದುಗರು)

ಉ: ನಿಮ್ಮ ಕೈಗೆಲಸದ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಸಾಲಾಗಿ ನಿಂತ ಗಾಡಿಗಳಲ್ಲಿ ಯಾರು ಟಾರ್ಕ್ ರೆಂಚ್ ಹಿಡಿದರು, ಯಾರು ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಆಯಿಲ್ ಬದಲಿಸಿ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಮಲಗಿಬಿಟ್ಟರು ಅಂತ ಹೊರಗಿನಿಂದ ಹೇಗೆ ಗೊತ್ತಾಗಬೇಕು? ಟಾರ್ಕ್ ಕಣ್ಣಿಗೆ ಕಾಣುವುದಿಲ್ಲ. ತಂತಿ ಕಾಣುತ್ತದೆ. ಬಗ್ಗಿ ಒಂದು ಸಲ ನೋಡಿದರೆ ಈ ಬೋಲ್ಟನ್ನು ಯಾರೋ ಗಮನ ಇಟ್ಟು ಮುಟ್ಟಿದ್ದಾರೆ, ಇದು ತಿರುಗುವ ದಾರಿ ಮುಚ್ಚಿದ್ದಾರೆ ಅಂತ ಸಾಕ್ಷಿ ಸಿಗುತ್ತದೆ. ಲಾಕ್‌ಟೈಟ್ ಹಾಕಿದ್ದೀನಿ ಅನ್ನುವುದು ನಿಮ್ಮ ಮಾತು, ಅದನ್ನು ನಂಬಬಹುದು. ಆದರೆ ನಿಮ್ಮ ಹಿಂದೆ ಬರುವ ಸವಾರ ನಿಮ್ಮನ್ನು ನೋಡಿಯೂ ಇರಲ್ಲ.

ಈ ಹಿಂದೆ ಬರುವವರ ವಿಷಯವೇ ನನಗೆ ದೊಡ್ಡದು. 150 ಸಿಸಿ ಎಂಜಿನ್ನಿನಲ್ಲಿ ಇರುವುದು ಹೆಚ್ಚು ಕಡಿಮೆ ಒಂದು ಲೀಟರ್ ಆಯಿಲ್. ಡ್ರೈನ್ ಬೋಲ್ಟ್ ಇರುವುದು ಹಿಂದಿನ ಟಯರಿಗಿಂತ ಮುಂದೆ. ಅದು ಬಿದ್ದರೆ ಬಿಸಿ ಆಯಿಲ್ ಮೊದಲು ನಿಮ್ಮದೇ ಟಯರಿಗೆ ತಾಗುತ್ತದೆ, ಆಮೇಲೆ ತಿರುವಿನ ಉದ್ದಕ್ಕೂ ಹರಡುತ್ತದೆ, ಹಿಂದೆ ಗಾಡಿ ಬಾಗಿಸಿಕೊಂಡು ಬರುತ್ತಿರುವ ನಾಲ್ಕೈದು ಜನರಿಗೆ ಅದು ಕಾಣುವ ಹೊತ್ತಿಗೆ ತಡ ಆಗಿರುತ್ತದೆ. ಹಳದಿ ಮೇಲೆ ಕೆಂಪು ಪಟ್ಟೆಯ ಬಾವುಟ ಬೀಸಿ, ರೇಸ್ ನಿಲ್ಲಿಸಿ, ಸಿಮೆಂಟ್ ಪುಡಿ ಸುರಿದು ಗುಡಿಸಿ ಒಣಗಿಸಬೇಕು. ಅದು ಅದೃಷ್ಟ ಇದ್ದ ದಿನ. ಅದೃಷ್ಟ ಇಲ್ಲದ ದಿನ ಆಂಬುಲೆನ್ಸ್ ಒಳಗೆ ಬರುತ್ತದೆ.

ಬೋಲ್ಟ್ ಹಾಳಾಗುತ್ತದೆ ಅನ್ನುವುದಕ್ಕೆ ದಾರಿ ಇದೆ. ಇನ್ನೊಂದು ಬೋಲ್ಟ್ ಕೊಂಡು ಅದಕ್ಕೆ ತೂತು ಕೊರೆಯಿರಿ, ಒರಿಜಿನಲ್ ಬೋಲ್ಟ್ ರೋಡಿಗೆ ಇರಲಿ. 1.5 ಮಿ.ಮೀ. ಡ್ರಿಲ್ ಬಿಟ್, ಕೋಬಾಲ್ಟ್ ಆದರೆ ಒಳ್ಳೆಯದು. ಮೊದಲು ಸೆಂಟರ್ ಪಂಚ್, ಆಮೇಲೆ ಕಡಿಮೆ ಸ್ಪೀಡು, ಕಟಿಂಗ್ ಆಯಿಲ್. ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಬೇರೆಯವರು ಓದಲಿ ಅಂತ ಬರೆದೆ. ಬೋಲ್ಟಿನ ತಲೆಯ ಒಂದು ಮೂಲೆ ಮಾತ್ರ ತೂತಾಗಬೇಕು. ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬೋಲ್ಟ್ ಆದರೆ ಇನ್ನೂ ಹುಷಾರು, ಥ್ರೆಡ್ ಇರುವ ಭಾಗದ ಹತ್ತಿರವೂ ಡ್ರಿಲ್ ಹೋಗಬಾರದು. ತಂತಿ 0.8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್. ಒಂದು ಇಂಚಿಗೆ ಆರರಿಂದ ಎಂಟು ಸುತ್ತು ಬರುವ ಹಾಗೆ ಹುರಿ ಮಾಡಿ. ಜಾಸ್ತಿ ಹುರಿ ಮಾಡಿದರೆ ತಂತಿ ಅಲ್ಲೇ ತುಂಡಾಗುತ್ತದೆ.

ಕಟ್ಟುವ ದಿಕ್ಕು ಮುಖ್ಯ. ಬೋಲ್ಟ್ ಬಿಚ್ಚುವ ಕಡೆ ತಿರುಗೋಕೆ ಹೋದರೆ ತಂತಿ ಬಿಗಿಯಾಗಬೇಕು. ಎಷ್ಟೋ ಗಾಡಿಗಳಲ್ಲಿ ನೋಡೋಕೆ ಚಂದದ ಹುರಿ ಇರುತ್ತದೆ, ಆದರೆ ಉಲ್ಟಾ ಕಟ್ಟಿರುತ್ತಾರೆ, ಬೋಲ್ಟ್ ಸಡಿಲ ಆದರೆ ತಂತಿಯೂ ಅದರ ಜೊತೆ ಸಡಿಲ. ಕೊನೆಯಲ್ಲಿ ಉಳಿದ ತುದಿಯನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಕೈ ಹಾಕಿ ನೋಡುವವರ ಬೆರಳಿಗೆ ಚುಚ್ಚುತ್ತದೆ. ಡ್ರೈನ್ ಬೋಲ್ಟ್, ಆಯಿಲ್ ತುಂಬುವ ಕ್ಯಾಪ್, ಆಯಿಲ್ ಫಿಲ್ಟರ್ ಕವರಿನ ಬೋಲ್ಟುಗಳು, ಕ್ಯಾಲಿಪರ್ ಬೋಲ್ಟುಗಳು, ಇಷ್ಟು ಸಾಮಾನ್ಯವಾಗಿ ಎಲ್ಲ ಟಾರ್ ಟ್ರ್ಯಾಕ್ ರೇಸಿನಲ್ಲೂ ಕೇಳುತ್ತಾರೆ. ಡಬ್ಬಿಯ ಥರ ಹೊರಗಿನಿಂದ ತಿರುಗಿಸಿ ಹಾಕುವ ಫಿಲ್ಟರ್ ಆದರೆ ಅದರ ಸುತ್ತ ಹೋಸ್ ಕ್ಲಿಪ್ ಬಿಗಿದು ಕ್ಲಿಪ್ಪಿಗೆ ತಂತಿ ಕಟ್ಟಬೇಕು.

ಪ್ರ: ನನ್ನ ಯಮಹಾ ಆರ್15 ಬೈಕಿಗೆ ಹೊಸದಾಗಿ ಕೂಲೆಂಟ್ ಹಾಕಿಸಿದ್ದೆ. ತಪಾಸಣೆಯಲ್ಲಿ ಅದನ್ನೆಲ್ಲ ಖಾಲಿ ಮಾಡಿ ಬರೀ ನೀರು ಹಾಕಿ ಅಂದರು. ಎಂಜಿನ್ ಬಿಸಿ ಆಗಿ ಹಾಳಾಗಲ್ವಾ?
(ಯಲಹಂಕದ ಓದುಗರು)

ಉ: ಆಗಲ್ಲ. ಶಾಖ ಹೊರುವ ಕೆಲಸವನ್ನು ನೀರು ಕೂಲೆಂಟಿಗಿಂತ ಚೆನ್ನಾಗಿಯೇ ಮಾಡುತ್ತದೆ. ಕೂಲೆಂಟಿನಲ್ಲಿ ಗ್ಲೈಕಾಲ್ ಇರುವುದು ಚಳಿಯಲ್ಲಿ ಹೆಪ್ಪುಗಟ್ಟದಿರಲಿ, ಬೇಗ ಕುದಿಯದಿರಲಿ ಅಂತ. ಹೆಪ್ಪುಗಟ್ಟುವ ಚಿಂತೆ ನಮಗಿಲ್ಲ. ಬೇಗ ಕುದಿಯದ ಹಾಗೆ ರೇಡಿಯೇಟರ್ ಕ್ಯಾಪಿನ ಒತ್ತಡವೂ ನೋಡಿಕೊಳ್ಳುತ್ತದೆ, ಕ್ಯಾಪಿನ ರಬ್ಬರ್ ಚೆನ್ನಾಗಿರಲಿ. ಗ್ಲೈಕಾಲ್ ನೆಲಕ್ಕೆ ಬಿದ್ದರೆ ಜಾರುತ್ತದೆ, ಬೇಗ ಆರುವುದೂ ಇಲ್ಲ. ನೀರು ಬಿಸಿಲಿಗೆ ಆರಿಹೋಗುತ್ತದೆ. ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕಿನ ಬಿಸಿಲಿಗಂತೂ ಕೇಳಲೇಬೇಡಿ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್‌ವೆಲ್ ನೀರು ಬೇಡ. ಕೂಲೆಂಟ್ ತೆಗೆದ ಮೇಲೆ ಎರಡು ಸಲ ನೀರು ತುಂಬಿ ಎಂಜಿನ್ ಓಡಿಸಿ ಖಾಲಿ ಮಾಡಿ, ಬಣ್ಣ ಪೂರ್ತಿ ಹೋಗಬೇಕು. ಓವರ್‌ಫ್ಲೋ ಪೈಪ್ ಒಂದು ಗಟ್ಟಿ ಬಾಟಲಿಗೆ ಹೋಗಲಿ. ಊರಿಗೆ ಬಂದ ಮೇಲೆ ಮರೆಯದೆ ಮತ್ತೆ ಕೂಲೆಂಟ್ ತುಂಬಿಸಿ, ಬರೀ ನೀರು ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ತುಕ್ಕು ಶುರುವಾಗುತ್ತದೆ.

ಪ್ರ: ನನ್ನ ಆರ್‌ಎಕ್ಸ್ 100ಗೆ ಜೆ.ಸಿ. ರೋಡಿನಲ್ಲಿ ಕ್ಲಿಪ್-ಆನ್ ಹ್ಯಾಂಡಲ್ (ಫೋರ್ಕಿಗೆ ಎರಡು ಕಡೆ ಬೇರೆ ಬೇರೆಯಾಗಿ ಬಿಗಿಯುವ ತಗ್ಗಿನ ಹ್ಯಾಂಡಲ್) ತಂದು ಹಾಕಿಸಿದೆ. ಎಂಜಿನ್ ಬೆಣ್ಣೆ ಥರ ಇದೆ. ಆದರೂ ಎರಡು ಸಲ ವಾಪಸ್ ಕಳಿಸಿದರು. ಹ್ಯಾಂಡಲ್ ತಿರುಗಿಸಿ ಏನೋ ನೋಡಿ ತಲೆ ಅಲ್ಲಾಡಿಸಿದರು ಅಷ್ಟೇ. ಹಳೇ ಗಾಡಿ ಅಂತ ತಾತ್ಸಾರ ಅನ್ನಿಸಿತು.
(ರಾಜಾಜಿನಗರದ ಓದುಗರು)

ಉ: ಕಾರಣ ಬಾಯಿ ಬಿಟ್ಟು ಹೇಳದೆ ಕಳಿಸಿದ್ದು ತಪ್ಪು. ಗಾಡಿ ತಿರಸ್ಕರಿಸಿದರೆ ಯಾವುದು ಸರಿಯಿಲ್ಲ ಅಂತ ಚೀಟಿಯಲ್ಲಿ ಬರೆದು ಕೊಡಬೇಕು, ನೀವು ಕೇಳಿ ಪಡೆಯಬೇಕು. ಹಳೇ ಗಾಡಿ ಅನ್ನುವ ತಾತ್ಸಾರ ಅಂತ ನನಗೆ ಅನ್ನಿಸುವುದಿಲ್ಲ. ಅವರು ಏನು ನೋಡಿದರು ಅಂತ ನೀವು ಬರೆದಿದ್ದರಲ್ಲೇ ಸುಳಿವು ಇದೆ.

ಎಂಜಿನ್ ಆಫ್ ಮಾಡಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ. ಆಕ್ಸಿಲರೇಟರ್ ಪೂರ್ತಿ ತಿರುವಿ ಕೈ ಬಿಡಿ. ಟಕ್ ಅಂತ ತಾನಾಗೇ ವಾಪಸ್ ಬರಬೇಕು. ಈಗ ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ನೋಡಿ. ಕ್ಲಿಪ್-ಆನ್ ಹಾಕಿದಾಗ ಹ್ಯಾಂಡಲ್ ಕೆಳಗೆ ಬರುತ್ತದೆ, ಕೇಬಲ್ ಮಾತ್ರ ಹಳೇ ಉದ್ದದ್ದೇ. ಎಲ್ಲೋ ಮಡಚಿಕೊಳ್ಳುತ್ತದೆ, ಇಲ್ಲ ಟ್ಯಾಂಕಿನ ಕೆಳಗೆ ಒತ್ತಿಕೊಳ್ಳುತ್ತದೆ. ಆರ್‌ಎಕ್ಸ್‌ನಲ್ಲಿ ಕೇಬಲ್ ಕವಲಾಗಿ ಒಂದು ಕಾರ್ಬುರೇಟರಿಗೆ, ಒಂದು ಆಯಿಲ್ ಪಂಪಿಗೆ ಹೋಗುವುದರಿಂದ ಆ ಕವಲಿನ ಹತ್ತಿರ ಸಿಕ್ಕಿಕೊಳ್ಳುವುದು ಇನ್ನೂ ಸುಲಭ. ಗಾಡಿ ನೇರ ನಿಂತಾಗ ಏನೂ ಗೊತ್ತಾಗಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಹ್ಯಾಂಡಲ್ ಪೂರ್ತಿ ತಿರುಗಿದ ಆ ಗಳಿಗೆಯಲ್ಲಿ ಆಕ್ಸಿಲರೇಟರ್ ಹಾಗೇ ತೆರೆದುಕೊಂಡು ನಿಂತರೆ ನಿಮ್ಮ ಕೈಯಲ್ಲಿ ಏನೂ ಇಲ್ಲ.

ಇನ್ನೊಂದು, ಹ್ಯಾಂಡಲ್ ಪೂರ್ತಿ ತಿರುಗಿದಾಗ ಲಿವರಿಗೂ ಟ್ಯಾಂಕಿಗೂ ನಡುವೆ ಜಾಗ ಇರಬೇಕು. ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಫೆಡರೇಷನ್ ಎಫ್‌ಐಎಂ ನಿಯಮದಲ್ಲಿ ಅದು ಕನಿಷ್ಠ 30 ಮಿ.ಮೀ. ಹೆಬ್ಬೆರಳು ಹೋಗುವಷ್ಟೂ ಜಾಗ ಇಲ್ಲದಿದ್ದರೆ ಹೆಬ್ಬೆರಳೇ ಜಜ್ಜಿಹೋಗುತ್ತದೆ. ಲಿವರಿನ ತುದಿಯ ಗುಂಡು ಮುರಿದಿದ್ದರೂ ಬಿಡಲ್ಲ, ಅದು ಕನಿಷ್ಠ 16 ಮಿ.ಮೀ. ದಪ್ಪ ಇರಬೇಕು. ಚೂಪಾದ ಲಿವರ್ ಬಿದ್ದವರ ಮೈಗೆ ಚುಚ್ಚುತ್ತದೆ. ಕೇಬಲ್ ಹೊಸ ದಾರಿಯಲ್ಲಿ ಎಳೆಸಿ, ಹ್ಯಾಂಡಲ್ ಸ್ಟಾಪರ್ ಸರಿ ಮಾಡಿಸಿ, ಮೂರನೇ ಸಲ ಹೋಗಿ. ಆರ್‌ಎಕ್ಸ್ ಸದ್ದು ಟ್ರ್ಯಾಕಿನಲ್ಲಿ ಕೇಳಬೇಕು ಅನ್ನುವ ಆಸೆ ನನಗೂ ಇದೆ.

ಪ್ರ: ನನ್ನ ಮಗನಿಗೆ 19 ವರ್ಷ. ರೇಸಿಗೆ ಹೋಗುತ್ತಾನೆ. ಬೇಡ ಅಂದರೆ, ಅಮ್ಮ, ಗಾಡಿ ಚೆಕ್ ಮಾಡಿ ಪಾಸ್ ಮಾಡಿದ್ದಾರೆ, ಏನೂ ಆಗಲ್ಲ ಅಂತಾನೆ. ಪಾಸ್ ಆದರೆ ನಿಜವಾಗಿ ಏನೂ ಆಗಲ್ವಾ?
(ವಿಜಯನಗರದ ತಾಯಿಯೊಬ್ಬರು)

ಉ: ಅಮ್ಮಾ, ಪಾಸ್ ಆಯಿತು ಅಂದರೆ ಆ ಹೊತ್ತಿಗೆ, ನಾವು ನೋಡಿದ ಜಾಗಗಳಲ್ಲಿ ತಪ್ಪು ಕಾಣಲಿಲ್ಲ ಅಂತ ಮಾತ್ರ ಅರ್ಥ. ಎಂಜಿನ್ ಒಳಗೆ ನಾವು ನೋಡುವುದಿಲ್ಲ. ಬೆಳಿಗ್ಗೆ ಸ್ಟಿಕ್ಕರ್ ಅಂಟಿಸಿದ ಗಾಡಿಯ ಬ್ರೇಕ್ ಪ್ಯಾಡ್ ಮಧ್ಯಾಹ್ನಕ್ಕೆ ಸವೆದಿರಬಹುದು. ಏನೂ ಆಗಲ್ಲ ಅಂತ ನಾನು ನಿಮಗೆ ಹೇಳಿದರೆ ಸುಳ್ಳು ಹೇಳಿದ ಹಾಗೆ. ಬೀಳುವುದು ಈ ಆಟದಲ್ಲಿ ಇದ್ದೇ ಇದೆ. ತಪ್ಪಿಸಬಹುದಾದ ಕಾರಣಕ್ಕೆ ಬೀಳಬಾರದು, ಬಿದ್ದರೆ ಜೀವಕ್ಕೆ ತೊಂದರೆ ಆಗಬಾರದು, ಅಷ್ಟಕ್ಕೆ ನಾವು ಒದ್ದಾಡುವುದು.

ನೀವು ಅವನನ್ನು ಕೆಲವು ವಿಷಯ ಕೇಳಿ. ರೇಸ್ ನಡೆಸುತ್ತಿರುವವರು ಎಫ್‌ಎಂಎಸ್‌ಸಿಐ ಅನುಮತಿ ಪಡೆದಿದ್ದಾರಾ? ದೇಶದಲ್ಲಿ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಅದು. ಡಾಕ್ಟರು, ಆಂಬುಲೆನ್ಸ್ ಟ್ರ್ಯಾಕಿನಲ್ಲೇ ಇರುತ್ತಾರಾ? ಪ್ರಾಕ್ಟೀಸಿಗೂ ರೇಸಿಗೂ ನಡುವೆ ಗಾಡಿ ಮತ್ತೆ ನೋಡುವವರು ಯಾರು? ಗಾಡಿಯ ಮಾಮೂಲಿ ಇನ್ಶೂರೆನ್ಸ್ ರೇಸಿಗೆ ಅನ್ವಯಿಸುವುದಿಲ್ಲ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ಹಾಗಾಗಿ ಸವಾರನಿಗೆ ಬೇರೆ ವಿಮೆ ಇದೆಯಾ ಅಂತಲೂ ಕೇಳಿ. ಇದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟರೆ ಹುಡುಗ ತಿಳಿದುಕೊಂಡು ಮಾಡುತ್ತಿದ್ದಾನೆ ಅಂತ. ತಡವರಿಸಿದರೆ ಈ ಪುಟ ಅವನ ಕೈಗೆ ಕೊಡಿ. ಒಂದು ಸಲ ನೀವೂ ಜೊತೆಗೆ ಹೋಗಿ ಬನ್ನಿ, ತಪಾಸಣೆ ಸಾಲಿನಲ್ಲಿ ಅಪ್ಪ ಅಮ್ಮಂದಿರು ನಿಂತಿರುವುದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಪ್ರ: ಹೆಲ್ಮೆಟ್ ಮೇಲೆ ಐಎಸ್ಐ ಮಾರ್ಕ್ ಇದೆ, ಸಾಲದಾ? ಇನ್ನೂ ದುಬಾರಿಯದ್ದು ತನ್ನಿ ಅಂತಾರೆ.
(ಮತ್ತಿಕೆರೆಯ ಓದುಗರು)

ಉ: ರೋಡಿಗೆ ಐಎಸ್ಐ ಕಡ್ಡಾಯ. 2021ರ ಜೂನ್‌ನಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ರೇಸಿಗೆ ಯಾವ ಗುರುತು ಬೇಕು ಅಂತ ಆಯಾ ರೇಸಿನ ನಿಯಮ ಪತ್ರದಲ್ಲಿ ಬರೆದಿರುತ್ತದೆ, ಹಣ ಖರ್ಚು ಮಾಡುವ ಮುಂಚೆ ಅದನ್ನು ಓದಿ. ಟಾರ್ ಟ್ರ್ಯಾಕಿನಲ್ಲಿ ಹೆಚ್ಚಾಗಿ ಇಸಿಇ (ಯುರೋಪಿನ ಮಾನದಂಡ) ಅಥವಾ ಸ್ನೆಲ್ (ಅಮೆರಿಕದ ಪರೀಕ್ಷಾ ಸಂಸ್ಥೆ) ಗುರುತು, ಗದ್ದ ಮುಚ್ಚುವ ಫುಲ್ ಫೇಸ್, ಎರಡು ಬಳೆಯ ಡಬಲ್ ಡಿ ಬಕಲ್ ಕೇಳುತ್ತಾರೆ. ಇಸಿಇ ಲೇಬಲ್ ಸಾಮಾನ್ಯವಾಗಿ ಗದ್ದದ ಪಟ್ಟಿಗೆ ಹೊಲಿದಿರುತ್ತದೆ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ, ಕೆಳಗೆ 05 ಅಥವಾ 06 ಅಂತ ಶುರುವಾಗುವ ನಂಬರ್. 06 ಅಂದರೆ ಹೊಸ ಪರೀಕ್ಷೆ. ಹಿಂದೆ ಸುಮ್ನೆ ಸ್ಟಿಕ್ಕರ್ ಮಾತ್ರ ಅಂಟಿಸಿದ್ದರೆ ಅದನ್ನು ನಂಬಬೇಡಿ.

ಗುರುತಿಗಿಂತ ಮೊದಲು ನಾನು ನೋಡುವುದು ಬೇರೆ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದು ತಲೆ ಬಗ್ಗಿಸಿ ಅಂತೀನಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತುತ್ತೇನೆ. ಎಷ್ಟೋ ಜನರ ಹೆಲ್ಮೆಟ್ ಪಟ್ಟಿ ಕಟ್ಟಿದ್ದರೂ ಕಳಚಿ ಬರುತ್ತದೆ! ಎಷ್ಟು ದುಡ್ಡು ಕೊಟ್ಟಿದ್ದರೂ ಆ ಹೆಲ್ಮೆಟ್ ಬಿದ್ದಾಗ ತಲೆಯ ಮೇಲೆ ಇರಲ್ಲ. ಆಮೇಲೆ ಒಳಗಿನ ಬಟ್ಟೆ ಸರಿಸಿ ಥರ್ಮಾಕೋಲಿನಂಥ ಪದರ ನೋಡುತ್ತೇನೆ. ಅಲ್ಲಿ ಸೀಳು, ಒತ್ತಿದ ಗುರುತು ಇದ್ದರೆ ಅದರ ಕೆಲಸ ಮುಗಿದಿದೆ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಹೊಳೆಯಲಿ, ಮತ್ತೆ ಟ್ರ್ಯಾಕಿಗೆ ತರಬೇಡಿ.

ಪ್ರ: ಟಯರಿನ ಬಟನ್ (ಮೇಲಿನ ಹಲ್ಲು) ಚೆನ್ನಾಗಿದೆ, ಆದರೂ ಹಳೇದು ಅಂತ ಬೇಡ ಅಂದರು. ಹಳೇದು ಅಂತ ಹೇಗೆ ಗೊತ್ತಾಯಿತು?
(ಕೆಂಗೇರಿಯ ಓದುಗರು)

ಉ: ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3217 ಅಂದರೆ 2017ರ 32ನೇ ವಾರ ತಯಾರಾದದ್ದು. ರಬ್ಬರ್ ವರ್ಷ ಕಳೆದ ಹಾಗೆ ಗಟ್ಟಿಯಾಗುತ್ತದೆ, ಉಗುರು ಒತ್ತಿ ನೋಡಿ.

ಪ್ರ: ಟ್ರ್ಯಾಕ್ ದೂರ, ಫೀಸೂ ಜಾಸ್ತಿ. ನಾವು ಐದಾರು ಗೆಳೆಯರು ಗಾಡಿಗಳನ್ನು ನಿಮ್ಮ ಪಟ್ಟಿಯ ಪ್ರಕಾರವೇ ಚೆಕ್ ಮಾಡಿಕೊಂಡು, ಭಾನುವಾರ ಮುಂಜಾನೆ ಖಾಲಿ ಇರುವ ಹೈವೇಯಲ್ಲಿ ರೇಸ್ ಮಾಡಿದರೆ ತಪ್ಪೇನು?
(ಹೆಸರು ಬರೆದಿಲ್ಲ)

ಉ: ಬೇಡ. ಮುಂಜಾನೆ ಹೈವೇಯಲ್ಲಿ ಹಾಲಿನ ವ್ಯಾನ್ ಇರುತ್ತದೆ, ಹೂವು ತರಕಾರಿ ತರುವ ಟೆಂಪೋ ಇರುತ್ತದೆ, ರಸ್ತೆ ದಾಟುವ ಮುದುಕರು ಇರುತ್ತಾರೆ. ಅವರು ಯಾರೂ ನಿಮ್ಮ ರೇಸಿಗೆ ಹೆಸರು ಕೊಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಇದೇ. ದುಡ್ಡು ಕೂಡಿಸಿ ವರ್ಷಕ್ಕೆ ಒಂದೇ ಸಲ ಆದರೂ ಇರುಂಗಟ್ಟುಕೋಟೈಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ. ಹತ್ತಿರದಲ್ಲಿ ಬೇಕು ಅಂದರೆ ಕೋಲಾರದ ಕಡೆ ಡರ್ಟ್ ಬೈಕ್ ಕಲಿಸುವ ಜಾಗ ಇದೆ. ಮಣ್ಣಿನಲ್ಲಿ ಸ್ಪೀಡ್ ಕಡಿಮೆ, ಕಲಿಯುವುದು ಜಾಸ್ತಿ.

ಪ್ರ: ನಮ್ಮ ಕ್ಲಬ್ಬಿನಿಂದ ಚಿಕ್ಕದಾಗಿ ಒಂದು ಡರ್ಟ್ ರೇಸ್ ನಡೆಸುವ ಯೋಚನೆ ಇದೆ. ತಪಾಸಣೆ ಹೇಗೆ ಜೋಡಿಸಬೇಕು?
(ಕನಕಪುರ ರಸ್ತೆಯ ಓದುಗರು)

ಉ: ಮೊದಲು ಅನುಮತಿ, ಆಮೇಲೆ ಉಳಿದದ್ದು. ತಪಾಸಣೆಗೆ ಸಮತಟ್ಟಾದ ನೆಲ, ನೆರಳು, ಒಳ್ಳೇ ಟಾರ್ಚ್, ಚಕ್ರ ಎತ್ತುವ ಸ್ಟ್ಯಾಂಡ್ ಬೇಕು. ಒಬ್ಬರು ಗಾಡಿ ನೋಡಲಿ, ಇನ್ನೊಬ್ಬರು ಹೆಲ್ಮೆಟ್, ಬೂಟು, ಗ್ಲೌಸ್ ನೋಡಲಿ. ಎರಡೂ ಒಬ್ಬರ ತಲೆಗೇ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋಲುತ್ತದೆ. ಗಾಡಿ ನೋಡುವವರು ಆ ದಿನ ಸ್ಪರ್ಧೆಯಲ್ಲಿ ಇರಬಾರದು, ಅವರ ತಮ್ಮನೋ ಗ್ಯಾರೇಜಿನ ಹುಡುಗನೋ ಓಡಿಸುತ್ತಿದ್ದರೆ ಆ ಗಾಡಿಯನ್ನು ಬೇರೆಯವರು ನೋಡಬೇಕು. ಡರ್ಟ್ ಗಾಡಿಯಲ್ಲಿ ಸ್ಪೋಕ್ ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿ, ಸಡಿಲ ಆದ ಸ್ಪೋಕಿನ ಸದ್ದು ಬೇರೆ ಬರುತ್ತದೆ. ಫುಟ್‌ರೆಸ್ಟ್ ಮೇಲಕ್ಕೆ ಮಡಚಿ ತಾನಾಗೇ ವಾಪಸ್ ಬರುತ್ತದಾ ನೋಡಿ. ಹಿಂದಿನ ಸ್ಪ್ರಾಕೆಟ್ಟಿಗೆ ಚೈನ್ ಸೇರುವ ಕೆಳಗಿನ ಮೂಲೆಯಲ್ಲಿ ಗಾರ್ಡ್ ಇರಲಿ, ಬಿದ್ದವರ ಬೆರಳು ಹೋಗಿ ಸಿಕ್ಕಿಕೊಳ್ಳುವ ಜಾಗ ಅದು. ಎಂಜಿನ್ ಮೇಲೆ ಎಲ್ಲಾದರೂ ಎಂ-ಸೀಲ್ ಮೆತ್ತಿದ್ದರೆ ಯಾಕೆ ಅಂತ ಕೇಳಿ, ಎಂಜಿನ್ ಓಡಿಸಿ ಬಿಸಿ ಮಾಡಿ ಮತ್ತೆ ನೋಡಿ.

ಸ್ಟಿಕ್ಕರ್ ಕಿತ್ತು ಬೇರೆ ಗಾಡಿಗೆ ಅಂಟಿಸೋಕೆ ಆಗದಂಥದ್ದು ಇರಲಿ, ಮೇಲೆ ಸ್ಪರ್ಧಿಯ ನಂಬರ್ ಬರೆಯಿರಿ. ಮತ್ತೆ, ಪ್ರಾಕ್ಟೀಸಿನಲ್ಲಿ ಬಿದ್ದ ಗಾಡಿಯ ಸ್ಟಿಕ್ಕರ್ ಅಲ್ಲೇ ಕಿತ್ತುಹಾಕಿ ಅಂತ ಟ್ರ್ಯಾಕ್ ಕಾಯುವ ಮಾರ್ಷಲ್‌ಗಳಿಗೆ ಮೊದಲೇ ಹೇಳಿಡಿ. ಗಾಡಿ, ಹೆಲ್ಮೆಟ್ ಎರಡೂ ಮತ್ತೆ ತಪಾಸಣೆಗೆ ಬರಬೇಕು. ಸವಾರನನ್ನು ಡಾಕ್ಟರ್ ನೋಡಿ ಓಡಿಸಬಹುದು ಅಂತ ಬರೆದು ಕೊಟ್ಟ ಮೇಲಷ್ಟೇ ಹೊಸ ಸ್ಟಿಕ್ಕರ್. ನನಗೇನೂ ಆಗಿಲ್ಲ, ರೇಸ್ ಶುರುವಾಗುತ್ತಿದೆ ಅಂತ ಗಲಾಟೆ ಮಾಡುತ್ತಾರೆ. ಬಿಡಬೇಡಿ.

ಮುಂದಿನ ತಿಂಗಳು ಬ್ರೇಕ್ ಆಯಿಲ್ ಮತ್ತು ಪ್ಯಾಡ್ ಬಗ್ಗೆ ಬಂದ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ. ಬರೆಯುವವರು ಗಾಡಿಯ ಮಾಡೆಲ್, ವರ್ಷ, ಯಾವ ಥರದ ರೇಸಿಗೆ ಹೋಗುತ್ತಿದ್ದೀರಿ ಅಂತ ತಪ್ಪದೆ ಬರೆಯಿರಿ.